ಮರಕ್ಕೆ ಮುಂಚೆ ಮಂಡಿಯ ಅಳತೆ

ನಮ್ಮ ಬಡಾವಣೆಯ ಮರಗೆಲಸದ ಶೆಡ್ಡಿನಿಂದ ಮೊದಲು ಹೊರಬಿದ್ದದ್ದು ಆರು ಸ್ಟೂಲು. ನೋಡಲು ಏನೂ ಕಡಿಮೆ ಇರಲಿಲ್ಲ. ಕಾಲು ನೆಟ್ಟಗಿದ್ದವು, ಅಂಚು ನುಣುಪಾಗಿತ್ತು, ಕೂತರೆ ಅಲುಗಾಡುತ್ತಿರಲಿಲ್ಲ. ಆಟೋದಲ್ಲಿ ಹೇರಿಕೊಂಡು ಪಕ್ಕದ ಅಂಗನವಾಡಿಗೆ ಒಯ್ದು ಸಾಲಾಗಿ ಇಟ್ಟೆವು. ಮಕ್ಕಳು ಹತ್ತಿ ಕೂತವು. ಒಂದರ ಕಾಲೂ ನೆಲ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಕಾಲು ಜೋಲಾಡಿಸಿ, ಆಮೇಲೆ ಒಂದೊಂದಾಗಿ ಜಾರಿಕೊಂಡು ಚಾಪೆ ಸೇರಿದವು. ಟೀಚರ್ ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು.

ಕಾಲಿನ ಉದ್ದ ಹೆಚ್ಚುಕಡಿಮೆ 15 ಇಂಚು ಇಟ್ಟಿದ್ದೆವು. ಯಾಕೆ ಹದಿನೈದು ಎಂದರೆ, ಸಿಕ್ಕಿದ್ದ ರೀಪರು ಐದಡಿಯದು. ನಾಲ್ಕು ತುಂಡು ಮಾಡಿದರೆ ನಾಲ್ಕು ಕಾಲು, ವೇಸ್ಟೇ ಇಲ್ಲ ಎಂದು ಹಿಗ್ಗಿದ್ದೆವು. ಮೇಲಿನ ಹಲಗೆ ಸೇರಿ ಎತ್ತರ 40 ಸೆಂ.ಮೀ. ಆಯಿತು. ಯುರೋಪಿನ ಶಾಲಾ ಪೀಠೋಪಕರಣದ ಮಾನದಂಡದಲ್ಲಿ 93ರಿಂದ 116 ಸೆಂ.ಮೀ. ಎತ್ತರದ ಮಕ್ಕಳಿಗೆ ಕೂರುವ ಹಲಗೆ 26 ಸೆಂ.ಮೀ., ಮೇಜು 46 ಸೆಂ.ಮೀ. ಎಂದಿದೆ. ನಾವು ಮೂರು ವರ್ಷದ ಮಗುವಿಗೆ ಹೈಸ್ಕೂಲಿನ ಸ್ಟೂಲು ಕೊಟ್ಟು ಬಂದಿದ್ದೆವು.

ಪುಸ್ತಕ ನೋಡುವ ಅಗತ್ಯವೂ ಇಲ್ಲ. ಹಳೇ ಪೇಪರಿನ ಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು ಮಗುವನ್ನು ಕೂರಿಸಿ. ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಮೂಲೆಮಟ್ಟದ ಹಾಗೆ ಮಡಚಿರಬೇಕು. ಅಲ್ಲಿಯವರೆಗೆ ಕಟ್ಟು ಏರಿಸಿ, ಇಳಿಸಿ. ನೆಲದಿಂದ ಮಂಡಿಯ ಹಿಂಬದಿಯ ಕುಳಿಯವರೆಗೆ ಟೇಪು ಹಿಡಿದು, ಬಂದದ್ದರಲ್ಲಿ ಅರ್ಧ ಇಂಚು ಕಳೆಯಿರಿ. ಗುಂಪಿನಲ್ಲಿ ಗಿಡ್ಡ ಮಗುವಿನ ಅಳತೆಯೇ ಅಳತೆ. ಎತ್ತರದ ಹುಡುಗ ಗಿಡ್ಡ ಸ್ಟೂಲಿನಲ್ಲಿ ಹೇಗೋ ಕೂರುತ್ತಾನೆ, ಗಿಡ್ಡ ಹುಡುಗಿಗೆ ಎತ್ತರದ ಸ್ಟೂಲು ಬರೀ ಶಿಕ್ಷೆ. ನಮ್ಮ ಆರನ್ನೂ ವಾಪಸು ತಂದು ಕಾಲು ಕತ್ತರಿಸಿದೆವು. ಉಳಿದ ಇಪ್ಪತ್ತನಾಲ್ಕು ತುಂಡುಗಳು ಈಗಲೂ ಶೆಡ್ಡಿನಲ್ಲಿ ಬಾಗಿಲಿಗೆ ಒತ್ತು ಕೊಡಲು, ಬಣ್ಣದ ಡಬ್ಬಿ ಎತ್ತಿಡಲು ಬಳಕೆಯಲ್ಲಿವೆ.

ಇಂಥ ಶೆಡ್ಡಿನ ಯೋಚನೆ ನನ್ನದಲ್ಲ. ಆಸ್ಟ್ರೇಲಿಯದಲ್ಲಿ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಏನಾದರೂ ಕುಟ್ಟುತ್ತ ಕೂರುವುದು ಗಂಡಸರ ಹಳೇ ಚಟ. ವಿಕ್ಟೋರಿಯ ರಾಜ್ಯದ ಟೊಂಗಾಲ ಎಂಬ ಪುಟ್ಟ ಊರಿನಲ್ಲಿ 1998ರಲ್ಲಿ ‘ಮೆನ್ಸ್ ಶೆಡ್’ ಎಂಬ ಹೆಸರಿನಲ್ಲಿ ಊರಿಗೆಲ್ಲ ಒಂದು ಶೆಡ್ಡು ತೆರೆದರು. ನಿವೃತ್ತಿಯಾದ ಮೇಲೆ ಮಾತಿಗೆ ಜನವಿಲ್ಲದೆ ಒಣಗುವ ಗಂಡಸರಿಗೆ ಕೈಗೊಂದು ಕೆಲಸ, ಪಕ್ಕಕ್ಕೊಬ್ಬ ಗೆಳೆಯ ಸಿಗಲಿ ಎಂಬುದು ಆಶಯ. 2007ರಲ್ಲಿ ದೇಶಮಟ್ಟದ ಸಂಘವಾಯಿತು. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಶೆಡ್ಡುಗಳಿವೆ, ಐರ್ಲೆಂಡ್, ಬ್ರಿಟನ್‌ಗೂ ಹಬ್ಬಿದೆ. ಮಗಳ ಮನೆಗೆಂದು ಮೆಲ್ಬರ್ನ್‌ಗೆ ಹೋದಾಗ ಅಂಥದ್ದೊಂದನ್ನು ನೋಡಿದೆ. ಹಕ್ಕಿಗೂಡು, ಆಟಿಕೆ ಲಾರಿ, ಪಾರ್ಕಿನ ಬೆಂಚು, ಯಾರದೋ ಅಜ್ಜಿಯ ಮುರಿದ ಕುರ್ಚಿ ಎಲ್ಲ ಒಂದೇ ಮೇಜಿನ ಮೇಲೆ. ನಮ್ಮಲ್ಲಿಗೆ ತರುವಾಗ ಹೆಸರಿನಿಂದ ‘ಮೆನ್ಸ್’ ಬಿಟ್ಟೆವು. ನಮ್ಮ ಶೆಡ್ಡಿನಲ್ಲಿ ಉಳಿ ಸಾಣೆ ಹಿಡಿಯುವುದರಲ್ಲಿ ಒಂದನೇ ನಂಬರು ನಿವೃತ್ತ ಗಣಿತದ ಮೇಷ್ಟ್ರಮ್ಮ.

ಶುರುಮಾಡುವವರಿಗೆ ಮೊದಲ ಮಾತು: ಮೆಷಿನ್ ಕೊಳ್ಳಬೇಡಿ. ಗಟ್ಟಿಯಾದ ಒಂದು ಕೆಲಸದ ಮೇಜು, ಅದಕ್ಕೊಂದು ವೈಸು, ಎರಡು ಗರಗಸ, ಒಂದು ತೋಪಡ, ಕಾಲಿಂಚು, ಅರ್ಧ ಇಂಚು, ಒಂದು ಇಂಚಿನ ಮೂರು ಉಳಿ, ಮರದ ಕೊಡತಿ, ಮೂಲೆಮಟ್ಟ, ನಾಲ್ಕಾರು ಕ್ಲಾಂಪು, ಕೈಡ್ರಿಲ್ಲು, ಸಾಣೆಕಲ್ಲು. ಮೊದಲ ವರ್ಷಕ್ಕೆ ಇಷ್ಟು ಧಾರಾಳ ಸಾಕು. ಹಳೇ ಉಪಕರಣ ಹುಡುಕುವವರಿಗೆ ಬೆಂಗಳೂರು ಚಿಕ್ಕಪೇಟೆಯ ಭಾನುವಾರದ ಬಜಾರು ಇದ್ದೇ ಇದೆ. ಅಲ್ಲಿ ತುಕ್ಕು ಹಿಡಿದ ಹಳೇ ಉಳಿಯನ್ನು ಕಡೆಗಣಿಸಬೇಡಿ, ಹಳೇ ಉಕ್ಕು ಸಾಣೆಗೆ ಒಲಿಯುತ್ತದೆ. ಮೊಂಡು ಉಳಿಯೇ ಕೈ ಕುಯ್ಯುವುದು. ಹರಿತವಾದದ್ದು ಮರದೊಳಗೆ ಹೋಗುತ್ತದೆ, ಮೊಂಡಾದದ್ದು ಬಲ ಹಾಕಿಸಿಕೊಂಡು ಜಾರುತ್ತದೆ. ಬಾಯಿಯನ್ನು 25 ಡಿಗ್ರಿಗೆ ತೇಯ್ದು, ತುದಿಗೆ ಮಾತ್ರ 30 ಡಿಗ್ರಿಯ ಸಣ್ಣ ಸಾಣೆ ಕೊಟ್ಟರೆ ಬಹಳ ದಿನ ಬಾಳುತ್ತದೆ.

ಬಡಗಿಗಳ ಲೆಕ್ಕವನ್ನೂ ಕಲಿತುಕೊಳ್ಳಿ. ಅವರು ಇಂಚಿನ ಎಂಟನೇ ಒಂದು ಭಾಗಕ್ಕೆ ‘ನೂಲು’ ಅನ್ನುತ್ತಾರೆ. ‘ಎರಡಿಂಚು ಎರಡು ನೂಲು’ ಎಂದರೆ ಎರಡೂಕಾಲು ಇಂಚು. ಮೆಷಿನ್ ಗರಗಸ ಒಂದು ಸಲ ಹಾದರೆ ಸುಮಾರು ಒಂದು ನೂಲು ಮರ ಹೊಟ್ಟಾಗಿ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಗೆರೆ ಎಳೆದರೆ ಕೊನೆಯ ತುಂಡು ಯಾವತ್ತೂ ಗಿಡ್ಡ. ಸಾಮಿಲ್ಲಿನಲ್ಲಿ ಘನ ಅಡಿ ಲೆಕ್ಕ ಹೇಳಿದಾಗ ಕಕ್ಕಾಬಿಕ್ಕಿಯಾಗಬೇಡಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಿ. ಆರಡಿ ಉದ್ದ, ಎಂಟಿಂಚು ಅಗಲ, ಒಂದಿಂಚು ದಪ್ಪದ ಹಲಗೆ ಒಂದು ಘನ ಅಡಿಯ ಮೂರನೇ ಒಂದು ಪಾಲು.

ಮರ ಎಲ್ಲಿಂದ?

ಪುಕ್ಕಟೆ ಸಿಗುವುದು ಪ್ಯಾಲೆಟ್. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಾಮಾನು ಬಂದ ಮೇಲೆ ಹೊರಗೆ ರಾಶಿ ಬಿದ್ದಿರುತ್ತದಲ್ಲ, ಅದೇ. ಹೆಚ್ಚಿನವು ಪೈನ್ ಮರದವು. ಕೇಳಿ ತೆಗೆದುಕೊಳ್ಳಿ, ತಂದ ಕೂಡಲೇ ಕೊಯ್ಯಬೇಡಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ಟಿನ ಮೇಲೆ ಗೋಧಿ ತೆನೆಯ ಚಿತ್ರವಿರುವ ಸುಟ್ಟ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೆಂದಿದೆ ಎಂದು ಅರ್ಥ. ಹುಳ ಸಾಯಿಸಲು ಬರೀ ಶಾಖ ಬಳಸಿದ್ದಾರೆ. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದಾರೆ. ಅದು ನಮಗೆ ಬೇಡ, ಅದರಲ್ಲೂ ಮಕ್ಕಳ ಸಾಮಾನಿಗೆ ಬೇಡವೇ ಬೇಡ. ಮುದ್ರೆಯೇ ಇಲ್ಲದ್ದು, ಎಣ್ಣೆಯ ಕಲೆಯದ್ದು, ಮೂಗಿಗೆ ಘಾಟು ಹೊಡೆಯುವುದು ಯಾವುದನ್ನೂ ಒಳಗೆ ತರಬೇಡಿ. ಅಂಥದ್ದನ್ನು ಒಲೆಗೂ ಹಾಕಬೇಡಿ.

ಎರಡನೆಯದು ಹಳೇ ಮನೆ ಕೆಡವಿದ ಮರ. ಬಾಗಿಲುವಾಡ, ತೊಲೆ, ಕಿಟಕಿ ಚೌಕಟ್ಟು. ಬಹುಪಾಲು ತೇಗವೋ ಮತ್ತಿಯೋ ಹೊನ್ನೆಯೋ ಆಗಿರುತ್ತದೆ, ಐವತ್ತು ಅರವತ್ತು ವರ್ಷ ಒಣಗಿ ಕೂತಿರುತ್ತದೆ, ಇನ್ನು ಸೊಟ್ಟಗಾಗುವುದು ಅಪರೂಪ. ತೊಂದರೆ ಎಂದರೆ ಮೊಳೆ. ತೋಪಡ ಹಿಡಿಯುವ ಮೊದಲು ಸ್ಪೀಕರಿನಿಂದ ಕಿತ್ತ ದೊಡ್ಡ ಅಯಸ್ಕಾಂತವನ್ನು ಮೇಲೆಲ್ಲ ಓಡಾಡಿಸಿ. ಅದು ಹಿಡಿದೆಳೆದ ಕಡೆ ಮೊಳೆಯಿದೆ. ಹಳೇ ಬಾಗಿಲಿನ ಬಣ್ಣದಲ್ಲಿ ಸೀಸ ಇರಬಹುದು, ಒಣಗಿಸಿ ಉಜ್ಜಿ ಧೂಳೆಬ್ಬಿಸಬೇಡಿ.

ಹೊಸ ಮರ ಕೊಳ್ಳುವುದಾದರೆ ಸಿಲ್ವರ್ ಓಕ್ ಕೈಗೆಟುಕುತ್ತದೆ. ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿಗೆ ನಿಂತಿರುವ ಈ ಮರ ಮೂಲದಲ್ಲಿ ಆಸ್ಟ್ರೇಲಿಯದ್ದು. ಶೆಡ್ಡಿಗಿಂತ ಬಹಳ ಮುಂಚೆಯೇ ಅಲ್ಲಿಂದ ಬಂದದ್ದು. ಹೆಬ್ಬೇವು ಹಗುರ, ಕಪಾಟಿಗೆ ಆದೀತು. ಹಲಸು ನನ್ನ ಮೆಚ್ಚಿನದು. ಹೊಸದರಲ್ಲಿ ಅರಿಶಿನದ ಹಳದಿ, ವರ್ಷಗಳು ಕಳೆದಂತೆ ಕಂದು. ವೀಣೆಗೂ ಮೃದಂಗಕ್ಕೂ ಅದೇ ಮರ ಎಂದರೆ ಅದರ ಯೋಗ್ಯತೆ ಊಹಿಸಿಕೊಳ್ಳಿ. ಗಾಳಿಮಳೆಗೆ ರಸ್ತೆಯಲ್ಲಿ ಬಿದ್ದ ಮರ ನಮ್ಮದಲ್ಲ, ನಗರಪಾಲಿಕೆ ಅಥವಾ ಅರಣ್ಯ ಇಲಾಖೆಯನ್ನು ಕೇಳದೆ ಒಂದು ಕೊಂಬೆಯನ್ನೂ ಎತ್ತಬೇಡಿ. ಗಂಧ, ಬೀಟೆಯ ತುಂಡು ಯಾರಾದರೂ ‘ಹಾಗೇ ಇಟ್ಟುಕೊಳ್ಳಿ’ ಎಂದರೆ ಕೈ ಮುಗಿದು ವಾಪಸು ಕಳಿಸಿ. ಯಾವ ಮರವೆಂದು ಗೊತ್ತಾಗದಿದ್ದರೆ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಬೆಂಗಳೂರಿನವರಿಗೇ ಅದು ಇರುವುದು ಗೊತ್ತಿಲ್ಲ.

ಅಳಗುಳಿ ಮಣೆ

ಶೆಡ್ಡಿನಲ್ಲಿ ಒಂದು ವಸ್ತುವನ್ನು ಎಲ್ಲರೂ ಮಾಡಲೇಬೇಕು ಎಂದು ನಿಯಮ ಮಾಡಿದ್ದೇವೆ, ಅದು ಅಳಗುಳಿ ಮಣೆ. ಜೋಡಣೆ ಇಲ್ಲ, ಮೊಳೆ ಇಲ್ಲ, ಒಂದೇ ಹಲಗೆ. ಆದರೆ ಅಳತೆ, ಗೆರೆ, ಬೈರಿಗೆ, ಉಳಿ, ಉಪ್ಪುಕಾಗದ ಎಲ್ಲದರ ಪಾಠ ಅದರೊಳಗೇ ಇದೆ. ವೃದ್ಧಾಶ್ರಮಕ್ಕೆ ಒಯ್ದರೆ ಅಜ್ಜಿಯರು ಆಡುವುದಿರಲಿ, ಮೊದಲು ಗುಳಿಗಳ ಮೇಲೆ ಕೈಯಾಡಿಸಿ ನೋಡುತ್ತಾರೆ.

ಹಲಗೆ 18 ಇಂಚು ಉದ್ದ, 6 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಗುಳಿಗಳು ಏಳರ ಎರಡು ಸಾಲು, ಒಟ್ಟು 14. ಒಂದೊಂದರ ಅಗಲ 2 ಇಂಚು, ಆಳ ಆರು ನೂಲು. ಗುಳಿಯ ನಡುಬಿಂದು ಹುಡುಕಲು ಉಪಾಯ ಸುಲಭ. 18 ಇಂಚನ್ನು ಎಂಟು ಸಮಪಾಲು ಮಾಡಿ. ಒಂದು ಪಾಲು ಎರಡಿಂಚು ಎರಡು ನೂಲು. ಒಂದು ತುದಿಯಿಂದ ಆ ಅಳತೆಗೊಂದು ಗುರುತು ಹಾಕುತ್ತ ಹೋದರೆ ಏಳು ಬಿಂದು ತಾವಾಗಿ ಬರುತ್ತವೆ. ಎರಡೂ ಉದ್ದದ ಅಂಚಿನಿಂದ ಒಂದಿಂಚು ಆರು ನೂಲು ಒಳಗೆ ಗೆರೆ ಎಳೆದರೆ ಸಾಲುಗಳು. ಗುಳಿಗೂ ಗುಳಿಗೂ ನಡುವೆ ಎರಡು ನೂಲಿನ ಗೋಡೆ ಉಳಿಯುತ್ತದೆ. ತೆಳುವಾಯಿತೆಂದು ಹೆದರಬೇಡಿ, ಒಣಗಿದ ಮರವಾದರೆ ತಡೆಯುತ್ತದೆ.

ಕೈವಾರದಲ್ಲಿ ವೃತ್ತ ಬರೆದು, ಪ್ರತಿ ನಡುಬಿಂದುವಿನಲ್ಲಿ ಐದು ನೂಲು ಆಳಕ್ಕೆ ಬೈರಿಗೆ ಹಾಕಿ. ಬೈರಿಗೆಯ ಕಡ್ಡಿಗೆ ಆ ಆಳದಲ್ಲಿ ಇನ್ಸುಲೇಷನ್ ಟೇಪ್ ಸುತ್ತಿದರೆ ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೆ ಕಾಣುತ್ತದೆ. ಆಮೇಲೆ ದುಂಡು ಬಾಯಿಯ ಉಳಿ. ಅಂಚಿನಿಂದ ನಡುವಿನ ತೂತಿನ ಕಡೆಗೆ ಇಳಿಜಾರಿನಲ್ಲೇ ಕೆತ್ತಬೇಕು. ಕೆಳಗಿನಿಂದ ಮೇಲಕ್ಕೆ ಎತ್ತಿದಿರೋ, ಅಂಚು ಸಿಡಿದು ಪಕ್ಕದ ಗುಳಿ ಸೇರುತ್ತದೆ. ಮರದ ಎಳೆಗೆ ಅಡ್ಡಲಾಗಿ ಕೆತ್ತಿದರೆ ಉಳಿ ಮಾತು ಕೇಳುತ್ತದೆ, ಎಳೆಯ ಗುಂಟ ಹೊರಟರೆ ತನ್ನ ದಾರಿ ತಾನು ಹಿಡಿಯುತ್ತದೆ. ಹೆರೆ ಸಣ್ಣಸಣ್ಣ ಹಪ್ಪಳದ ಚೂರಿನ ಹಾಗೆ ಬರುತ್ತಿದ್ದರೆ ಸರಿಯಾಗಿದೆ. ಪುಡಿಯಾಗುತ್ತಿದ್ದರೆ ಸಾಣೆಗೆ ಏಳಿ. ಕೊನೆಗೆ ಎರಡಿಂಚಿಗೆ ಕೊಂಚ ಕಡಿಮೆಯಿರುವ ರಬ್ಬರ್ ಚೆಂಡಿಗೆ ಉಪ್ಪುಕಾಗದ ಸುತ್ತಿ ಗುಳಿಯಲ್ಲಿ ತಿರುಗಿಸಿ. 80ರಿಂದ ಶುರುಮಾಡಿ, 120, ಆಮೇಲೆ 220.

ನನ್ನ ಮೊದಲ ಮಣೆ ಸೀಳಿತು. ಹಲಸಿನ ಹಲಗೆ ನೋಡಲು ಒಣಗಿದಂತಿತ್ತು, ಸಾಮಿಲ್ಲಿನವರು ‘ಡ್ರೈ ಸಾರ್’ ಎಂದಿದ್ದರು. ಫೆಬ್ರುವರಿಯಲ್ಲಿ ಕೆತ್ತಿ, ಎಣ್ಣೆ ಹಚ್ಚಿ ಟಿ.ವಿ. ಪಕ್ಕ ಇಟ್ಟೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಟಪ್ ಎಂಬ ಸದ್ದು. ಬೆಳಿಗ್ಗೆ ನೋಡಿದರೆ ಏಳು ಗುಳಿಯ ನಡುವೆ ಹಾದುಹೋದ ನೆಟ್ಟಗಿನ ಬಿರುಕು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದೆಲ್ಲ ಅಗಲಕ್ಕೆ. ಗುಳಿ ತೋಡಿ ತೆಳುವಾದ ಜಾಗ ಆ ಎಳೆತಕ್ಕೆ ಮೊದಲು ಸೋಲುತ್ತದೆ. ಹಸಿ ಹಲಗೆಯನ್ನು ನೆರಳಿನಲ್ಲಿ, ನಡುವೆ ರೀಪರು ಕೊಟ್ಟು ಗಾಳಿಯಾಡುವಂತೆ ಪೇರಿಸಿ, ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕದಲ್ಲಿ ಕಾಯಬೇಕು. ತುದಿಗಳಿಗೆ ಬಣ್ಣವೋ ಮೇಣವೋ ಬಳಿದಿದ್ದರೆ ಸೀಳು ಕಡಿಮೆ. ಕಾಯಲಾಗದವರು ತೇವ ಅಳೆಯುವ ಸಣ್ಣ ಮೀಟರು ಕೊಳ್ಳಲಿ. ಮನೆಯೊಳಗಿನ ಸಾಮಾನಿಗೆ ತೇವ ಶೇ 12ರ ಆಸುಪಾಸು ಇಳಿದಿರಬೇಕು.

ಮಣೆಯ ಜೊತೆ ಕಾಯಿ ಕೊಡುವಾಗ ಹುಣಸೆಬೀಜ ಇಲ್ಲವೇ ಕವಡೆ ಕೊಡಿ. ಚೆಂದ ಕಾಣುತ್ತದೆಂದು ಗುಲಗಂಜಿ ಕೊಡುವ ಚಾಳಿ ಇದೆ. ಅದು ವಿಷ, ಮಗು ಜಗಿದರೆ ಜೀವಕ್ಕೇ ಅಪಾಯ.

ಗುಬ್ಬಿಗೂಡು, ಆಟಿಕೆ

ಗುಬ್ಬಿಗೂಡಿನ ಬಗ್ಗೆ ಬಹಳ ಹೇಳುವುದಿಲ್ಲ, ಏಕೆಂದರೆ ಮಾರ್ಚ್ 20ರ ಗುಬ್ಬಿ ದಿನ ಬಂತೆಂದರೆ ಎಲ್ಲರೂ ಹೇಳುತ್ತಾರೆ, ಹೆಚ್ಚಿನವರು ತಪ್ಪು ಮಾಡುತ್ತಾರೆ. ತೂತು 32 ಮಿ.ಮೀ. ಇರಲಿ. ದೊಡ್ಡದಾದರೆ ಮೈನಾ ಬಂದು ಕೂರುತ್ತದೆ. ತೂತು ಗೂಡಿನ ತಳದಿಂದ ಐದು ಇಂಚಾದರೂ ಮೇಲಿರಲಿ. ಹೊರಗೆ ಕೂರಲು ಕಡ್ಡಿ ಸಿಕ್ಕಿಸಬೇಡಿ, ಗುಬ್ಬಿಗೆ ಅದು ಬೇಡ, ಕಾಗೆಗೆ ಬೇಕು. ಒಳಗೆ ಬಣ್ಣ, ವಾರ್ನಿಷ್ ಬೇಡ. ಮುಚ್ಚಳಕ್ಕೆ ತಿರುಗಣಿ ಇಟ್ಟರೆ ಮರಿ ಹಾರಿಹೋದ ಮೇಲೆ ತೊಳೆಯಬಹುದು. ಮಧ್ಯಾಹ್ನದ ಬಿಸಿಲು ಬೀಳದ ಗೋಡೆಗೆ, ಬೆಕ್ಕು ನೆಗೆಯದಷ್ಟು ಎತ್ತರದಲ್ಲಿ ಹೊಡೆಯಿರಿ. ಇಲ್ಲೂ ಅಳತೆ ಹಕ್ಕಿಯದು, ನಮ್ಮ ಕಣ್ಣಿಗೆ ಚೆಂದ ಕಾಣುವ ಹೆಂಚಿನ ಮನೆಯದಲ್ಲ.

ಆಟಿಕೆಯ ವಿಷಯದಲ್ಲಿ ಚನ್ನಪಟ್ಟಣದವರನ್ನು ಅನುಕರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅವರು ಹಾಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಅದು ತಲೆಮಾರುಗಳ ಕೈ. ನಾವು ಚಕ್ರದ ಗಾಡಿ, ಜೋಡಿಸುವ ಘನಗಳು, ಚೌಕಾಬಾರದ ಹಲಗೆ ಇಷ್ಟಕ್ಕೇ ನಿಂತಿದ್ದೇವೆ. ಮೂರು ವರ್ಷದೊಳಗಿನ ಮಗುವಿಗಾದರೆ, ಆಟಿಕೆಯ ಯಾವ ಬಿಡಿ ಭಾಗವೂ 31.7 ಮಿ.ಮೀ. ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು ಎಂಬ ನಿಯಮವಿದೆ. ಆ ಅಳತೆಯ ಪೈಪಿನ ತುಂಡೊಂದನ್ನು ದಾರ ಕಟ್ಟಿ ನೇತುಹಾಕಿದ್ದೇವೆ, ಎಲ್ಲ ಚಕ್ರವನ್ನೂ ಅದರಲ್ಲಿ ಹಾಕಿ ನೋಡಿಯೇ ಮುಂದಕ್ಕೆ. ಮೇಳದಲ್ಲಿ ಅಂಗಡಿ ಹಾಕಿ ಮಾರುವ ಯೋಚನೆಯಿದ್ದರೆ ನೆನಪಿರಲಿ, 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿ ಇದೆ, ನಮ್ಮಂಥ ಹವ್ಯಾಸಿಗಳಿಗಲ್ಲ.

ಬಣ್ಣದ ಬದಲು ನಾವು ಚಪ್ಪಡಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುತ್ತೇವೆ. ಅರ್ಧ ಗಂಟೆಯಲ್ಲಿ ಒಣಗುತ್ತದೆ, ಶುದ್ಧವಾದದ್ದನ್ನು ಮಾತ್ರೆಗಳ ಮೇಲೂ ಲೇಪಿಸುತ್ತಾರೆ. ಅಗಸೆ ಎಣ್ಣೆಯೂ ಒಳ್ಳೆಯದೇ, ಆದರೆ ಅದರ ಬಟ್ಟೆಯ ಬಗ್ಗೆ ಎಚ್ಚರ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಪಕ್ಕದಲ್ಲೇ ಹೊಟ್ಟಿನ ರಾಶಿ ಇದ್ದರೆ ಮುಗಿಯಿತು. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಿ.

ಮೆಷಿನ್ ಬಂದ ಮೇಲಿನ ನಿಯಮ ನಮ್ಮಲ್ಲಿ ನಾಲ್ಕೇ. ಸೆರಗು, ದುಪಟ್ಟಾ, ಲುಂಗಿ, ಸಡಿಲ ತೋಳು ಇಲ್ಲ. ತಿರುಗುವ ಮೆಷಿನ್ ಹತ್ತಿರ ಕೈಗವಸೂ ಇಲ್ಲ, ಅದು ಬೆರಳನ್ನು ಕಾಯುವುದಿಲ್ಲ, ಎಳೆದುಕೊಳ್ಳುತ್ತದೆ. ಒಬ್ಬರೇ ಇದ್ದಾಗ ಮೆಷಿನ್ ಮುಟ್ಟುವುದಿಲ್ಲ. ಉಪ್ಪುಕಾಗದ ಹಿಡಿದವರ ಮೂಗಿಗೆ ಎನ್-95 ಮಾಸ್ಕ್. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ಕರೆಂಟಿನ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದ್ದನ್ನು ನಿಯಮವೆಂದು ಎಣಿಸಿಲ್ಲ, ಅದಿಲ್ಲದೆ ಬೀಗವೇ ತೆಗೆಯಬಾರದು.

ಆಚಾರರ ಕೂಲಿ

ಒಂದು ವಿಷಯದಲ್ಲಿ ನನಗೂ ಗೆಳೆಯರಿಗೂ ಜಗಳವಾಗಿದೆ. ಕಲಿಸಲು ಒಬ್ಬ ಆಚಾರರನ್ನು ಕರೆದಾಗ ಕೆಲವರು ‘ಸೇವೆ ಅಂತ ಬರಲಿ’ ಎಂದರು. ನಮಗೆ ಪಿಂಚಣಿ ಬರುತ್ತದೆ, ಸೇವೆ ಮಾಡಬಹುದು. ಅವರಿಗೆ ಶನಿವಾರ ಎಂದರೆ ಒಂದು ದಿನದ ಕೂಲಿ. ಈಗ ಪೂರ್ತಿ ದಿನದ ಕೂಲಿ ಕೊಟ್ಟೇ ಕರೆಸುತ್ತೇವೆ, ತಿಂಗಳಿಗೆರಡು ಸಲ. ಅದೇ ಕಾರಣಕ್ಕೆ, ದುಡ್ಡು ಕೊಟ್ಟು ಬಡಗಿಯಿಂದ ಮಾಡಿಸಬಲ್ಲವರ ಕೆಲಸವನ್ನು ನಾವು ಒಪ್ಪುವುದಿಲ್ಲ. ಮಾಡ್ಯುಲರ್ ಕಿಚನ್ನಿನ ಬಾಗಿಲು ಸರಿಮಾಡಿಕೊಡಿ ಎಂದು ಬಂದವರಿಗೆ ಆಚಾರರ ಫೋನ್ ನಂಬರು ಕೊಟ್ಟು ಕಳಿಸುತ್ತೇವೆ. ನಮ್ಮ ಪಾಲಿಗೆ ಉಳಿಯುವುದು ಅಂಗನವಾಡಿ, ಸರ್ಕಾರಿ ಶಾಲೆ, ವೃದ್ಧಾಶ್ರಮ, ಬೀದಿ ಗ್ರಂಥಾಲಯದ ಕಪಾಟು. ಇವೂ ಸಾಕಷ್ಟಿವೆ. ಅರ್ಧದಷ್ಟು ಹೊಸದೇ ಅಲ್ಲ, ಕಾಲು ಮುರಿದ ಬೆಂಚಿಗೆ ಕಾಲು, ಹಿಡಿ ಹೋದ ಪಾರೆಗೆ ಹಿಡಿ.

ಕೊಟ್ಟು ಬಂದ ಮೇಲೆ ಒಂದು ತಿಂಗಳಿಗೆ ಮತ್ತೆ ಹೋಗಿ ನೋಡುವುದು ಸ್ಟೂಲಿನ ಪ್ರಸಂಗದಿಂದ ಹುಟ್ಟಿದ ಪದ್ಧತಿ. ಏನು ಮುರಿದಿದೆ, ಯಾವುದು ಮೂಲೆ ಸೇರಿದೆ, ಎಲ್ಲಿ ಸಿಬಿರು ಎದ್ದಿದೆ ಎಂದು ನೋಡಿ ಬರೆದುಕೊಳ್ಳುತ್ತೇವೆ. ಕಾಲು ಕತ್ತರಿಸಿದ ಆರು ಸ್ಟೂಲಿನಲ್ಲಿ ಐದರ ಮೇಲೆ ಮಕ್ಕಳು ಕೂತಿದ್ದವು, ಪಾದ ಊರಿಕೊಂಡು. ಆರನೆಯದು ಅಡುಗೆ ಕೋಣೆಯ ಬಾಗಿಲಲ್ಲಿ ಕುಡಿಯುವ ನೀರಿನ ಬಿಂದಿಗೆ ಹೊತ್ತು ನಿಂತಿತ್ತು. ಸಹಾಯಕಿ ಸ್ವಲ್ಪ ಸಂಕೋಚದಿಂದ ‘ಎತ್ತರ ಸರಿಯಾಗಿದೆ ಸಾರ್, ಮಗ ತಾನೇ ನೀರು ತಗೋತದೆ, ಆದರೆ ಬಿಂದಿಗೆ ಜಾರತದೆ’ ಎಂದಳು. ಮುಂದಿನ ಶನಿವಾರದೊಳಗೆ ಬಿಂದಿಗೆಯ ಬುಡದ ಅಳತೆ ತರಬೇಕು. ಅದನ್ನು ಕೂರಿಸುವ ಬಳೆಗೆ ಹಲಸಿನ ತುಂಡೊಂದಿದೆ, ಸೀಳಿಹೋದ ಮಣೆಯದು.